ರಾಜಮ್ಮಾಳ ಬಾಯಚ್ಚು

ತಮಿಳುನಾಡಿನ ತೇನಿ ಕಡೆಯ ಗೂಡಲೂರಿನಲ್ಲಿ ರಾಜಮ್ಮಾಳ ಬಾಯಿಗೆ ಹೆದರದವರು ಇಬ್ಬರೇ. ಒಬ್ಬಳು ಅವಳ ಅತ್ತೆ ಮುನಿಯಮ್ಮಾಳ್. ಆಕೆ ಆ ಬಾಯಿಯನ್ನು ಸೊಸೆ ಮನೆಗೆ ಬಂದ ದಿನದಿಂದ ಕೇಳಿ ಪಳಗಿದವಳು. ಇನ್ನೊಬ್ಬ ಗಂಡ ಕರುಪ್ಪಯ್ಯ; ಅವನಿಗೆ ಎಡಗಿವಿ ಮಂದ. ಎಷ್ಟು ಮಂದ ಎಂಬುದು ಅವನೊಬ್ಬನಿಗೇ ಗೊತ್ತು.

ಹಾಗಂತ ಅವಳದು ಜಗಳದ ಬಾಯಲ್ಲ, ಕುಲವೆಯ ಬಾಯಿ. ನಾಟಿಯ ದಿನ ಮೊದಲ ಹಿಡಿ ಪೈರು ಕೆಸರಿಗೆ ಇಳಿಯುವ ಮುಂಚೆ ಹೆಂಗಸೊಬ್ಬಳು ನಾಲಿಗೆಯನ್ನು ತೆರೆದ ಬಾಯೊಳಗೆ ಅತ್ತಿತ್ತ ಆಡಿಸಿ, ಒಂದೇ ಉಸಿರಿಗೆ ಉದ್ದಕ್ಕೆ ಒಂದು ದನಿ ಎತ್ತುತ್ತಾಳೆ. ಅದಕ್ಕೆ ಆ ಕಡೆ ಕುಲವೆ ಎನ್ನುತ್ತಾರೆ. ಮದುವೆಯಲ್ಲೂ ಹಾಕುತ್ತಾರೆ, ದೇವರ ಮುಂದೆ ಪೊಂಗಲ್ ಉಕ್ಕುವಾಗಲೂ ಹಾಕುತ್ತಾರೆ. ಆದರೆ ಅಲ್ಲಿ ಮೇಳವಿರುತ್ತದೆ, ಜನವಿರುತ್ತದೆ, ಒಬ್ಬಳ ದನಿ ಒಡೆದರೆ ಇನ್ನೊಬ್ಬಳ ದನಿ ಮುಚ್ಚುತ್ತದೆ. ಗದ್ದೆಯಲ್ಲಿ ಮರೆ ಏನೂ ಇಲ್ಲ. ಮುಂದೆ ನಿಂತವಳು ಹಾಕಬೇಕು, ಮಿಕ್ಕವರು ಎತ್ತಿಕೊಳ್ಳಬೇಕು.

ರಾಜಮ್ಮಾಳ್ ಹುಟ್ಟಿದ್ದು ಓಡೈಪಟ್ಟಿಯಲ್ಲಿ. ಅಲ್ಲಿ ಕಂಡ ಕಡೆಯೆಲ್ಲ ದ್ರಾಕ್ಷಿ ಚಪ್ಪರ. ಕೆಲಸವೆಲ್ಲ ತಲೆಯ ಮೇಲೆ, ಕತ್ತೆತ್ತಿ ಮಾಡುವಂಥದ್ದು. ಗೂಡಲೂರಿಗೆ ಬಂದರೆ ಕೆಲಸವೆಲ್ಲ ಕಾಲಬುಡದಲ್ಲಿ, ಬಗ್ಗಿ ಮಾಡುವಂಥದ್ದು. ಮೊದಲ ವರ್ಷ ಅವಳು ನೆಟ್ಟ ಸಾಲನ್ನು ಬದುವಿನ ಮೇಲಿಂದ ನೋಡಿದ ಮುನಿಯಮ್ಮಾಳ್, "ಇದೇನು ಪೈರಾ, ಬಾತುಕೋಳಿ ಓಡಾಡಿದ ಹೆಜ್ಜೆಯಾ" ಎಂದು ಕೇಳಿದ್ದಳು. ಅದೇ ವಾರ ಪಕ್ಕದ ಗದ್ದೆಯಲ್ಲಿ ಕುಲವೆ ಹಾಕಬೇಕಾದ ಮುದುಕಿಗೆ ಕೆಮ್ಮು. ಯಾರೋ ಸುಮ್ಮನೆ ಹೊಸ ಸೊಸೆಯ ಕಡೆ ಕೈ ತೋರಿಸಿದರು. ಅವಳು ಹಾಕಿದಳು. ಕಾಲುವೆಯ ಆಚೆ ದಡದಲ್ಲಿ ಎತ್ತು ತೊಳೆಯುತ್ತಿದ್ದವರು ಯಾರ ಮನೆಯಲ್ಲಿ ಏನಾಯಿತೆಂದು ನೋಡಲು ಈಚೆ ಬಂದರು. ಅವತ್ತಿನಿಂದ ಅವಳ ಸಾಲಿನ ಸೊಟ್ಟ ಮಾಫಿ ಆಯಿತು.

ಆಮೇಲೆ ಸಾಲೂ ನೆಟ್ಟಗಾಯಿತು, ಮುಯ್ಯಾಳಿನ ಗುಂಪಿಗೆ ಅವಳೇ ಮುಂದಾಳೂ ಆದಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ಹೋಗುವ ಹೆಂಗಸರ ಗುಂಪು ಅದು. ಈಗೀಗ ಕೆಲವರು ನಾಟಿಗೆ ಮಿಷನ್ ತರಿಸುತ್ತಾರೆ. ಅವರೂ ರಾಜಮ್ಮಾಳನ್ನು ಕರೆಯುವುದು ಬಿಟ್ಟಿಲ್ಲ. ಡ್ರೈವರು ಎಂಜಿನ್ ಆಫ್ ಮಾಡಿ ಕಾಯುತ್ತಾನೆ. ಅವಳು ಕುಲವೆ ಹಾಕಿ, ಒಂದು ಲೋಟ ಕಾಫಿ ಕುಡಿದು, ಮನೆಗೆ ಬರುತ್ತಾಳೆ.

ಈ ಬಾಯಿಗೆ ಇದ್ದ ಒಂದೇ ಕೆಟ್ಟ ಚಾಳಿ ಹೊಗೆಸೊಪ್ಪು. ಎಲೆಯಡಿಕೆಯ ಜೊತೆ ಮಡಿಸಿ ಮೇಲಿನ ವಸಡಿನ ಬಲಮೂಲೆಗೆ ಒತ್ತಿಟ್ಟರೆ ಒಂದು ಗದ್ದೆ ನೆಟ್ಟು ಮುಗಿಯುವವರೆಗೆ ಅದು ಅಲ್ಲೇ. ಆ ಮೂಲೆಯಲ್ಲೇ ಹುಣ್ಣು ಎದ್ದಿತು. ಜೇನು ಹಚ್ಚಿದರು, ತುಪ್ಪ ಹಚ್ಚಿದರು. ಹೋಗಲಿಲ್ಲ. ತೇನಿಯಲ್ಲಿ ತೋರಿಸಿದರು, ಅವರು ದಿಂಡಿಗಲ್‌ನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕತ್ತರಿಸಿ ತೆಗೆದು, ಗಾಯ ಮಾಯುತ್ತಲೇ, "ಇನ್ನು ಕರೆಂಟು ಇಡಬೇಕು" ಎಂದರು. ಬೇರು ಉಳಿದಿದ್ದರೆ ಸುಡುವುದಕ್ಕೆ ಇಡುವ ಕಿರಣಕ್ಕೆ ಆ ಸೀಮೆಯ ಜನ ಕರೆಂಟು ಎಂದೇ ಹೇಳುವುದು.

ಕರೆಂಟಿಗೆ ಮುಂಚೆ ಅವಳನ್ನು ಹಲ್ಲಿನ ಡಾಕ್ಟರ್ ಜೆಯಂತಿಯ ಕೋಣೆಗೆ ಕಳಿಸಿದರು. ಜೆಯಂತಿಯದು ತಮಿಳು, ರಾಜಮ್ಮಾಳಿಗೆ ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು, ಆದ್ದರಿಂದ ಮಾತಿಗೆ ತೊಡಕಿಲ್ಲ.

"ಅಮ್ಮಾ, ಕಿರಣ ಬೀಳಬೇಕಾದ್ದು ಮೇಲಿನ ವಸಡಿಗೆ," ಎಂದರು ಜೆಯಂತಿ. "ಬಾಯಿ ಮುಚ್ಚಿದ್ದರೆ ನಾಲಿಗೆ ಹೋಗಿ ಅದಕ್ಕೇ ಅಂಟಿಕೊಂಡಿರುತ್ತೆ. ಅದಕ್ಕೂ ಬೀಳುತ್ತೆ. ಹುಣ್ಣಾಗುತ್ತೆ, ರುಚಿ ಹೋಗುತ್ತೆ, ಬಿಗಿದುಕೊಂಡರೂ ಬಿಗಿದುಕೊಳ್ಳಬಹುದು. ಅದಕ್ಕೇ ಒಂದು ಸಾಮಾನು ಮಾಡಿ ಬಾಯಿಗಿಡ್ತೀವಿ. ಅದು ಬಾಯಿ ತೆರೆದಿಡುತ್ತೆ, ನಾಲಿಗೇನ ಕೆಳಗೆ ಒತ್ತಿ ಹಿಡಿಯುತ್ತೆ."

ಓಡೈಪಟ್ಟಿಯವಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಕಳೆಗೆ ಮದ್ದು ಹೊಡೆಯುವಾಗ ಎಳೆಬಳ್ಳಿಯನ್ನು ಬಗ್ಗಿಸಿ ಆಚೆಗೆ ಕಟ್ಟುವುದನ್ನು ಅವಳು ಕೂಸಾಗಿದ್ದಾಗಿನಿಂದ ಕಂಡಿದ್ದಳು.

"ಬಳ್ಳಿ ಕಟ್ಟೋದು," ಎಂದಳು ಗಂಡನಿಗೆ.

ಹಲ್ಲಿನ ಅಚ್ಚು ತೆಗೆದು, ಅದಕ್ಕೆ ಗಾರೆ ಹುಯ್ದು, ಆ ಗಾರೆಯ ದವಡೆಯ ಮೇಲೆ ಸಾಮಾನು ಕೂರಿಸಿ ಮಾಡಿದರು. ಕಟ್ಟಿದ ಹಲ್ಲಿನ ಹಾಗೆ ಗುಲಾಬಿ ಬಣ್ಣ. ಮೇಲೂ ಕೆಳಗೂ ಹಲ್ಲು ಕೂರುವುದಕ್ಕೆ ಗುಳಿ, ನಡುವೆ ಉಸಿರಿಗೆ ತೂತು, ಒಳಗಡೆ ನಾಲಿಗೆಯ ಮೇಲೆ ಕೂರುವ ಒಂದು ಚಪ್ಪಟೆ ತಟ್ಟೆ. ಡಾಕ್ಟರು ಅದಕ್ಕೆ ಏನೋ ಹೆಸರು ಹೇಳಿದರು. ರಾಜಮ್ಮಾಳ್ ಬಾಯಚ್ಚು ಎಂದಳು, ಅದೇ ನಿಂತಿತು.

ಅಚ್ಚನ್ನು ಬಾಯಿಗಿಟ್ಟುಕೊಂಡು ಕೂತ ಹೆಂಡತಿಯನ್ನು ಕರುಪ್ಪಯ್ಯ ಬಹಳ ಹೊತ್ತು ನೋಡಿದ.

"ಇದ್ನ ಮನೆಗೂ ಕೊಡ್ತೀರಾ ತಾಯೇ?"

"ಕೊಡ್ತೀವಿ. ದಿನಾ ಸ್ವಲ್ಪ ಹೊತ್ತು ಇಟ್ಟುಕೊಂಡು ರೂಢಿ ಮಾಡಿಕೊಳ್ಳಲಿ."

"ಒಳ್ಳೇದು," ಎಂದ.

ಮದುವೆಯಾದ ಮೇಲೆ ಕರುಪ್ಪಯ್ಯನ ಮಾತಿಗೆ ಉತ್ತರ ಬಾರದೆ ಹೋದದ್ದು ಅದೇ ಮೊದಲು.

ಆಮೇಲೆ ಜೆಯಂತಿ ಅಚ್ಚನ್ನು ಹೇಗೆ ಇಟ್ಟುಕೊಳ್ಳಬೇಕು ಎಂದೂ ಹೇಳಿದರು: ತಣ್ಣೀರಲ್ಲಿ ತೊಳೆಯಬೇಕು, ಡಬ್ಬಿಯಲ್ಲಿ ಒದ್ದೆಯಾಗಿರಬೇಕು, ಬಿಸಿ ತಾಗಿಸಬಾರದು. ಹೇಳುವಾಗ ಅವರು ನಿಂತದ್ದು ಕರುಪ್ಪಯ್ಯನ ಎಡಕ್ಕೆ. ರಾಜಮ್ಮಾಳನ್ನು ಆ ಹೊತ್ತಿಗೆ ಕರೆಂಟಿನ ಕೋಣೆಯ ದುರೈ ಒಳಗೆ ಕರೆದುಕೊಂಡು ಹೋಗಿದ್ದ. ತಲೆ ಅಲುಗದಂತೆ ಮುಖಕ್ಕೊಂದು ಬಲೆಯ ಮುಸುಕು ಮಾಡಿ, ಅಚ್ಚನ್ನೂ ಬಾಯಿಗಿಟ್ಟು, ಒಳಗಿನ ಚಿತ್ರ ತೆಗೆಯುವುದಕ್ಕೆ. ಆ ಚಿತ್ರ ನೋಡಿ ಕಿರಣ ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕುವವರೆಗೆ ಮನೆಗೆ ಹೋಗಿ ಬನ್ನಿ ಎಂದರು.

ಮನೆಗೆ ಬಂದ ಅಚ್ಚು ಮುನಿಯಮ್ಮಾಳ ಕಣ್ಣಿಗೆ ಬಿತ್ತು.

ಆ ಮನೆಯಲ್ಲಿ ಎಂಜಲಿನ ಕಟ್ಟುಪಾಡು ಮುನಿಯಮ್ಮಾಳದು. ಲೋಟ ತುಟಿಗೆ ತಾಗುವಂತಿಲ್ಲ, ಎತ್ತಿ ಹುಯ್ದುಕೊಳ್ಳಬೇಕು. ಅಡುಗೆಯ ಉಪ್ಪನ್ನು ಮೂಗಿನಲ್ಲೇ ನೋಡಬೇಕು. ಬಾಟಲಿ ಕಚ್ಚಿ ನೀರು ಕುಡಿಯುವ ಮೊಮ್ಮಕ್ಕಳು ಬಾಟಲಿಯನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಬರಬೇಕು. ಅಂಥ ಮನೆಯಲ್ಲಿ ಸೊಸೆ ಒಂದು ಸಾಮಾನನ್ನು ಬಾಯಿಗಿಟ್ಟು, ತೆಗೆದು, ಡಬ್ಬಿಗೆ ಹಾಕಿ, ಮಾರನೆಯ ದಿನ ಮತ್ತೆ ಬಾಯಿಗಿಡುವುದನ್ನು ಮುದುಕಿ ಕಂಬಕ್ಕೆ ಒರಗಿ ಕೂತು ನೋಡಿದಳು.

"ಅದ್ನೇ ತಿರುಗಾ ಇಡ್ತೀಯಾ?"

ರಾಜಮ್ಮಾಳ್ ಬಾಯಿಂದ ಅಚ್ಚು ತೆಗೆದಳು. "ಅದ್ನೇ ಇಡ್ಬೇಕು ಅತ್ತೆ. ದಿನಕ್ಕೊಂದು ಮಾಡಿಕೊಡ್ತಾರಾ."

"ನಿನ್ನೆ ಎಂಜ್ಲು ಇವತ್ತು ತಿನ್ನೋದು ನಾಯಿ."

"ನನ್ ಎಂಜ್ಲು ತಾನೇ."

"ನಾಯಿನೂ ತನ್ನದೇ ತಿನ್ನೋದು," ಎಂದಳು ಮುನಿಯಮ್ಮಾಳ್. ಅಲ್ಲಿಗೆ ಮಾತು ಮುಗಿಯಿತೆಂದು ರಾಜಮ್ಮಾಳ್ ತಿಳಿದಳು.

ಕರೆಂಟು ಶುರುವಾಗುವ ಹಿಂದಿನ ದಿನ ಅವಳು ಹಸುವಿಗೆ ಹುಲ್ಲು ತರಲು ಹೋಗಿ ಬಂದಾಗ ಹಿತ್ತಿಲ ಕಲ್ಲಿನ ಮೇಲೆ ಹಿತ್ತಾಳೆ ಚೊಂಬು, ದೀಪದ ಕಂಬ, ಬಾಯಚ್ಚು ಮೂರೂ ಬಿಸಿಲಿಗೆ ಮಗುಚಿಕೊಂಡು ಒಣಗುತ್ತಿದ್ದವು. ಮೂರೂ ಫಳಫಳ ಹೊಳೆಯುತ್ತಿದ್ದವು.

"ಹುಣ್‌ಸೆ ಹಾಕಿ ಚೆನ್ನಾಗಿ ಕುದ್ಸಿದೀನಿ," ಎಂದಳು ಮುನಿಯಮ್ಮಾಳ್. "ಇನ್ನು ಇಟ್ಕೋ. ಈಗ ಅದು ಎಂಜ್ಲಲ್ಲ."

ರಾಜಮ್ಮಾಳ್ ಅಚ್ಚು ಎತ್ತಿಕೊಂಡು ನೋಡಿದಳು. ಸೊಸೆಯ ತಟ್ಟೆಯನ್ನು ಕಾಲಿನಿಂದ ಸರಿಸಿಯೇ ಗೊತ್ತಿದ್ದ ಅತ್ತೆ ಅವಳ ಬಾಯೊಳಗಿನದನ್ನು ಕೈಯಾರೆ ತೊಳೆದಿದ್ದಳು. ಮದುವೆಯಾಗಿ ಬಂದ ಮೇಲೆ ಹೀಗೊಂದು ನಡೆದದ್ದಿಲ್ಲ. ಬಯ್ಯುವುದೋ ನಮಸ್ಕಾರ ಮಾಡುವುದೋ ತಿಳಿಯದೆ ಅವಳು ಅಚ್ಚನ್ನು ಬಾಯಿಗಿಟ್ಟಳು. ಬಲಗಡೆಯ ಹಲ್ಲು ಗುಳಿಯಲ್ಲಿ ಕೂತವು. ಎಡಗಡೆಯವು ಕೂರಲಿಲ್ಲ. ಕಚ್ಚಿದರೆ ಅಚ್ಚು ತೊಟ್ಟಿಲಿನ ಹಾಗೆ ಆಡಿತು, ಎಡಪಕ್ಕದಲ್ಲಿ ನಾಲಿಗೆ ನುಸುಳಿಕೊಂಡು ಮೇಲಕ್ಕೆ ಬಂತು.

"ಏನು?"

"ಏನಿಲ್ಲ."

"ಬಾಯಿ ವೀಂಗಿರ್ತೈತೆ," ಎಂದಳು ಅತ್ತೆ. ಊದಿಕೊಂಡಿರಬೇಕು ಎಂದು. ರಾಜಮ್ಮಾಳ್ ಅದನ್ನೇ ನಂಬೋಣವೆಂದುಕೊಂಡಳು.

ದಿಂಡಿಗಲ್‌ನಲ್ಲಿ ದುರೈ ಅವಳನ್ನು ಹಲಗೆಯ ಮೇಲೆ ಮಲಗಿಸಿ, ಅಚ್ಚಿಟ್ಟು, ಮುಸುಕು ಬಿಗಿಯಲು ನೋಡಿದ. ಗದ್ದದ ಹತ್ತಿರ ಮುಸುಕು ಕೂರಲಿಲ್ಲ. ಮೊದಲು ಬರೀ ಚಿತ್ರ ತೆಗೆದು ನೋಡಿದ. ಕರೆಂಟು ಇಡಲಿಲ್ಲ. ಮುಸುಕು ಬಿಚ್ಚಿ, "ಅಮ್ಮಾ, ಸ್ವಲ್ಪ ಡಾಕ್ಟರಮ್ಮನ್ನ ನೋಡಿ ಬರೋಣ" ಎಂದ.

ಜೆಯಂತಿ ಅಚ್ಚನ್ನು ಗಾರೆಯ ದವಡೆಯ ಮೇಲಿಟ್ಟು ಬೆರಳಿನಿಂದ ಒತ್ತಿದರು. ಅಚ್ಚು ಟಕಟಕ ಎಂದು ಆಡಿತು.

"ಬಿಸಿನೀರಿಗೆ ಹಾಕಿದ್ದು ಯಾರು?"

ಕರುಪ್ಪಯ್ಯ ಗೋಡೆಯ ಮೇಲಿದ್ದ ದೊಡ್ಡ ಹಲ್ಲಿನ ಚಿತ್ರ ನೋಡತೊಡಗಿದ.

"ನಾನೇ," ಎಂದಳು ರಾಜಮ್ಮಾಳ್. "ಎಂಜಲಲ್ವಾ ಅಂತ."

ಜೆಯಂತಿ ಕುರ್ಚಿ ಎಳೆದುಕೊಂಡು ಕೂತರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ರಾಜಮ್ಮಾಳಿಗೆ ಅನಿಸಿತು.

"ಕೇಳಿ. ಇದು ಆಗಲ್ಲ. ಎರಡು ದಾರಿ ಇದೆ. ಇದಿಲ್ಲದೇನೇ ಚಿತ್ರ ತೆಗೆದು ಬೇಗ ಕರೆಂಟು ಶುರು ಮಾಡಬಹುದು, ನಾಲಿಗೆಗೂ ಬೀಳುತ್ತೆ. ಇಲ್ಲಾಂದ್ರೆ ಹೊಸದು ಮಾಡ್ತೀನಿ. ಮುಸುಕೂ ಹೊಸದು, ಚಿತ್ರಾನೂ ಹೊಸದು, ಲೆಕ್ಕಾನೂ ಹೊಸದು. ಒಂದು ವಾರ ಹಿಂದಕ್ಕೆ ಬೀಳುತ್ತೆ. ಒಳಗೆ ಬೇರು ಏನಾದ್ರೂ ಉಳಿದಿದ್ರೆ ಅದು ನಮಗೋಸ್ಕರ ಕಾಯಲ್ಲ, ಅದನ್ನೂ ಹೇಳಬೇಕು. ದೊಡ್ಡ ಡಾಕ್ಟರನ್ನ ಕೇಳ್ತೀನಿ, ಆದ್ರೆ ನೀವೂ ಹೇಳಿ."

"ನಾಲಿಗೆಗೆ ಬಿದ್ರೆ ಕುಲವೆ ಹಾಕಕ್ಕಾಗುತ್ತಾ?"

ಈ ಪ್ರಶ್ನೆಯನ್ನು ಜೆಯಂತಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಊಟದ ಬಗ್ಗೆ ಕೇಳುತ್ತಾರೆ, ಮಾತಿನ ಬಗ್ಗೆ ಕೇಳುತ್ತಾರೆ, ಬೀಡಿಯ ಬಗ್ಗೆಯೂ ಕೇಳುತ್ತಾರೆ.

"ಕುಲವೆ ಹಾಕುವಾಗ ನಾಲಿಗೆ ಮೇಲೆ ಕೆಳಗೆ ಆಡುತ್ತಾ, ಪಕ್ಕಕ್ಕಾ?"

"ಅದನ್ನೆಲ್ಲಾ ಯಾರು ನೋಡ್ತಾರೆ ತಾಯೇ."

"ಹಾಕಿ ತೋರಿಸಿ."

"ಇಲ್ಲೇನಾ?"

"ಇಲ್ಲೇ. ನಾಲಿಗೆ ನೋಡಬೇಕು ನಾನು."

ರಾಜಮ್ಮಾಳ್ ಎದ್ದು ನಿಂತಳು. ಕೂತು ಹಾಕಿ ಗೊತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿಟಕಿಯ ಕಡೆ ತಿರುಗಿ ಹಾಕಿದಳು.

ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ವಾಚ್‌ಮನ್ ಬಂದ. ಎರಡನೇ ಮಹಡಿಯಿಂದ ಒಬ್ಬ ನರ್ಸ್ ಇಳಿದು ಬಂದಳು. ಮೂಗಿಗೆ ನಳಿಕೆ ಹಾಕಿಸಿಕೊಂಡು ಕೂತಿದ್ದ ಪಳನಿಯ ಮುದುಕರೊಬ್ಬರು, ಇವತ್ತು ಆಸ್ಪತ್ರೆಯಲ್ಲಿ ಯಾರಿಗೆ ಮದುವೆ ಎಂದು ಪಕ್ಕದವರನ್ನು ಕೇಳಿದರು. ಮುಹೂರ್ತ ಆಗಿಹೋಯಿತೇ ಎಂದೂ ಕೇಳಿದರು.

ಜೆಯಂತಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಿದ್ದರು. "ಪಕ್ಕಕ್ಕೆ," ಎಂದರು. "ಅಂಚು ಎರಡೂ ಕೆಲಸ ಮಾಡುತ್ತೆ." ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು ಕೇಳಿದರು, "ನಾಲಿಗೆಗೆ ಬಿದ್ದರೆ ಹೀಗೆ ಹಾಕಕ್ಕಾಗುತ್ತೆ ಅಂತ ನಾನು ಹೇಳಲಾರೆ. ಕಾಯ್ತೀರಾ?"

ರಾಜಮ್ಮಾಳ್ ಯೋಚಿಸಿದಳು. ಸಾಯುವುದಕ್ಕೆ ಅವಳಿಗೆ ಇಷ್ಟವಿರಲಿಲ್ಲ. ಗದ್ದೆಯ ಬದುವಿನಲ್ಲಿ ಸುಮ್ಮನೆ ನಿಂತು ಇನ್ನೊಬ್ಬಳು ಹಾಕುವುದನ್ನು ಕೇಳುವುದಕ್ಕೂ ಇಷ್ಟವಿರಲಿಲ್ಲ. ಎರಡನ್ನೂ ತೂಗುತ್ತಿರುವಾಗ ಕರುಪ್ಪಯ್ಯ ಹಲ್ಲಿನ ಚಿತ್ರದಿಂದ ಕಣ್ಣು ತೆಗೆಯದೆ, "ಹೊಸ್ದು ಮಾಡಿ ತಾಯೇ. ನಾವು ಇಲ್ಲೇ ಇರ್ತೀವಿ. ಈ ಸಲ ಮನೆಗೆ ಕೊಡ್ಬೇಡಿ," ಎಂದ.

ರಾಜಮ್ಮಾಳ್ ಅವನ ಕಡೆ ತಿರುಗಿದಳು. "ನೀವಂದಂಗೆ ಆಗ್ಲಿ," ಎಂದಳು. ಅವಳು ಹಾಗೆ ಹೇಳಿದ್ದನ್ನು ಕರುಪ್ಪಯ್ಯ ಎರಡು ಕಿವಿಯಲ್ಲೂ ಕೇಳಿಸಿಕೊಂಡ.

ದೊಡ್ಡ ಡಾಕ್ಟರು ಒಂದು ವಾರ ಸರಿ, ಅದಕ್ಕಿಂತ ಮೇಲೆ ಬೇಡ ಎಂದರು. ಗಾರೆಯ ದವಡೆ ಇದ್ದದ್ದರಿಂದ ಹೊಸ ಅಚ್ಚು ಬೇಗ ಆಯಿತು. ಈ ಸಲ ಜೆಯಂತಿ ತಟ್ಟೆಯ ಎರಡು ಅಂಚನ್ನೂ ತುಸು ಅಗಲ ಮಾಡಿಸಿದರು. ಅಚ್ಚು ರಾಜಮ್ಮಾಳ ಹೆಸರು ಬರೆದ ಡಬ್ಬಿಯಲ್ಲಿ, ಮುಸುಕಿನ ಪಕ್ಕದಲ್ಲಿ, ದುರೈಯ ಕಪಾಟಿನಲ್ಲೇ ಉಳಿಯಿತು. ಆಸ್ಪತ್ರೆಯ ಹಿಂದೆ ರೋಗಿಗಳಿಗೆ ಬಾಡಿಗೆಗೆ ಕೊಡುವ ಕೋಣೆಯೊಂದರಲ್ಲಿ ಗಂಡ ಹೆಂಡತಿ ಇಳಿದುಕೊಂಡರು.

ಹಸು ನೋಡಿಕೊಳ್ಳುವವರು ಬೇಕೆಂದು ಕರುಪ್ಪಯ್ಯ ನಡುವೆ ಊರಿಗೆ ಹೋಗಿಬಂದ. ಯಾಕೆ ತಡ ಎಂದು ತಾಯಿ ಕೇಳಿದಳು. ಮಿಷನ್ ಕೆಟ್ಟಿದೆ ಎಂದು ಹೇಳಬೇಕೆಂದು ರಾಜಮ್ಮಾಳ್ ಬಸ್ ಹತ್ತಿಸುವಾಗ ಹೇಳಿಕೊಟ್ಟಿದ್ದಳು. ಹೇಳಿಕೊಟ್ಟದ್ದು ಎಡಗಿವಿಗೆ.

"ನೀನು ಕುದ್ಸಿ ಅದು ಸೊಟ್ಟ ವೋಯ್ತು," ಎಂದ ಕರುಪ್ಪಯ್ಯ.

ಮುನಿಯಮ್ಮಾಳ್ ಎಲೆಗೆ ಸುಣ್ಣ ಸವರುತ್ತಿದ್ದಳು. ಸವರಿ ಮುಗಿಸಿದಳು. "ಕುದ್ಯೋ ನೀರಿಗೆ ಬಗ್ಗೋ ಸಾಮಾನ್ನ ಬಾಯಿಗಿಡ್ತಾರಾ? ಕಾಫಿ ಕುಡುದ್ರೆ ಏನಾಗ್ತೈತೆ?"

"ಅದಿಟ್ಕೊಂಡು ಕಾಫಿ ಕುಡ್ಯಲ್ಲಮ್ಮಾ."

"ಅವ್ಳು ಏನಂದ್ಳು?"

"ತಾನೇ ಕುದ್ಸಿದ್ದು ಅಂದ್ಳು. ಡಾಕ್ಟ್ರಿಗೆ."

ಮುದುಕಿ ಮಡಿಸಿದ ಎಲೆಯನ್ನು ಬಾಯಿಗಿಡದೆ ತಟ್ಟೆಯಲ್ಲೇ ಇಟ್ಟಳು. ಮಾರನೆಯ ದಿನ ಮಗ ಹೊರಡುವಾಗ ಅವನ ಕೈಗೆ ಒಂದು ತೂಕು ಪಾತ್ರೆ ಕೊಟ್ಟಳು, ಒಳಗೆ ರಾಗಿಯನ್ನು ನುಣ್ಣಗೆ ಸೋಸಿ ಮಾಡಿದ ಗಂಜಿ. ಸೊಸೆಗೆ ಹೇಳಬೇಕಾದ ಮಾತೇನಾದರೂ ಇದೆಯೇ ಎಂದು ಅವನು ಕೇಳಿದ.

"ಉಪ್ಪು ಕಮ್ಮಿ ಹಾಕಿದೀನಿ ಅನ್ನು," ಎಂದಳು.

ಕರೆಂಟು ಇಡುವಾಗ ನೋವಿಲ್ಲ. ನೋವು ಆಮೇಲೆ ಬಂತು. ಮೇಲಿನ ವಸಡು ಸುಟ್ಟ ಬದನೆಕಾಯಿಯ ಸಿಪ್ಪೆಯಂತಾಯಿತು. ಜೊಲ್ಲು ಅಂಟಂಟಾಗಿ ದಾರ ದಾರವಾಯಿತು, ಕೊನೆಗೆ ಕಡಿಮೆಯಾಗಿಯೇ ಹೋಯಿತು. ಮಾತಾಡುವುದು ಕಷ್ಟವಾಗಿ ರಾಜಮ್ಮಾಳ್ ಕೈಸನ್ನೆಯಲ್ಲಿ ಬಯ್ಯಲು ಕಲಿತಳು. ಕರುಪ್ಪಯ್ಯ ಈಗ ಕಣ್ಣೂ ಮಂದ ಎನ್ನತೊಡಗಿದ. ಹುಣ್ಣು ನಾಲಿಗೆಗೂ ಇಳಿದಿದೆಯೋ ಎಂದು ಜೆಯಂತಿ ಆಗಾಗ ಟಾರ್ಚ್ ಹಿಡಿದು ನೋಡುತ್ತಿದ್ದರು. ತುದಿ ಕೆಂಪಗಾಗಿತ್ತು, ಅಷ್ಟೇ. "ಬಾಯಿ ಮಾಯಲಿ. ಆಮೇಲೆ ಹಾಕಿ ನೋಡಿ. ಬರುತ್ತೆ ಅಂತ ಬರೆದುಕೊಡಲ್ಲ ನಾನು," ಎಂದು ಹೇಳಿ ಕಳಿಸಿಕೊಟ್ಟರು.

ಅಣೆಯಿಂದ ನೀರು ಬಿಟ್ಟು ಕಾಲುವೆ ತುಂಬಿದಾಗ ರಾಜಮ್ಮಾಳ್ ಮನೆಯಲ್ಲಿದ್ದಳು, ಗಂಜಿಯಿಂದ ಮೆತ್ತಗಿನ ಅನ್ನಕ್ಕೆ ಬಂದಿದ್ದಳು. ಹೊಗೆಸೊಪ್ಪು ಮನೆಯಿಂದಲೇ ಹೋಗಿತ್ತು. ಮುನಿಯಮ್ಮಾಳ್ ತನ್ನದನ್ನೂ ಹಿತ್ತಿಲಿಗೆ ಎಸೆದು, ಹಿಡಿಸದಿದ್ದರೂ ಬರೀ ಅಡಿಕೆ ಅಗಿಯುತ್ತಿದ್ದಳು. ಮುಯ್ಯಾಳಿನವರು ಮೊದಲ ಗದ್ದೆಗಳಿಗೆ ಇಳಿದರು. ಮುಂದೆ ನಿಂತು ಕುಲವೆ ಹಾಕಿದವಳು ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಮುತ್ತುಸೆಲ್ವಿ. ಆ ದನಿ ಮನೆಯ ಜಗಲಿಯವರೆಗೆ ಕೇಳಿಸಿತು.

"ಆಂಬುಲೆನ್ಸ್ ತಿರುವು ತಗೊಂಡಂಗೈತೆ," ಎಂದಳು ಮುನಿಯಮ್ಮಾಳ್.

ರಾಜಮ್ಮಾಳ್ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು. ಅವಳು ಅದುವರೆಗೆ ಒಂದು ಸಲವೂ ಹಾಕಿ ನೋಡಿರಲಿಲ್ಲ. ಕೊಟ್ಟಿಗೆಯಲ್ಲಿ ಒಬ್ಬಳೇ ಇದ್ದಾಗ ನೋಡಬಹುದಿತ್ತು. ಬರದಿದ್ದರೆ ಗದ್ದೆಗೆ ಹೋಗಲು ಕಾಲು ಏಳುವುದಿಲ್ಲ. ಬಂದರೆ, ಕೊಟ್ಟಿಗೆಯಲ್ಲಿ ಯಾಕೆ ಕುಲವೆ ಹಾಕಿದೆ ಎಂದು ಬೀದಿಯವರಿಗೆಲ್ಲ ಕಾರಣ ಹೇಳಬೇಕು.

ಸಂಜೆ ಮುತ್ತುಸೆಲ್ವಿಯೇ ಬಂದಳು. "ಅಕ್ಕಾ, ನಾಳೆ ನಿಮ್ ಗದ್ದೆ. ನಾನೇ ಹಾಕ್ಲಾ? ನೀವು ಸುಮ್ನೆ ಬದುವಿನ್‌ ಮೇಲೆ ಕೂತ್ಕೊಳಿ. ಯಾರೂ ಏನೂ ಅನ್ಕೊಳಲ್ಲ."

"ಯಾರೂ ಏನೂ ಅನ್ಕೊಳಲ್ಲ ಅಂತ ಯಾರಂದ್ರು?"

"ಎಲ್ರೂ ಅಂದ್ರು."

"ಅಂದ್ರೆ ಎಲ್ರೂ ಅನ್ಕೊಂಡವ್ರೆ," ಎಂದಳು ರಾಜಮ್ಮಾಳ್. "ನಾ ಬರ್ತೀನಿ. ಹಾಕೋದು ನಾಳೆ ನೋಡಾಣ."

ಬೆಳಿಗ್ಗೆ ಗದ್ದೆಯಲ್ಲಿ ನೀರು ಕನ್ನಡಿಯಂತೆ ನಿಂತಿತ್ತು. ಪೈರಿನ ಕಟ್ಟುಗಳನ್ನು ಅಲ್ಲಲ್ಲಿ ಎಸೆದಿದ್ದರು. ಹೆಂಗಸರು ಸೀರೆ ಎತ್ತಿಕಟ್ಟಿ ಬದುವಿನುದ್ದಕ್ಕೂ ನಿಂತು ಅವಳನ್ನು ಬಿಟ್ಟು ಬೇರೆ ಎಲ್ಲ ಕಡೆ ನೋಡುತ್ತಿದ್ದರು. ಮುನಿಯಮ್ಮಾಳ್ ಕೋಲೂರಿಕೊಂಡು ಬಂದು ಬೇವಿನ ಮರದ ಕೆಳಗೆ ಕೂತಿದ್ದಳು. ರಾಜಮ್ಮಾಳ್ ಒಂದು ಗುಟುಕು ನೀರಿನಿಂದ ಬಾಯಿ ತೋಯಿಸಿಕೊಂಡಳು, ಮೂಡಲಿಗೆ ತಿರುಗಿದಳು, ಬಾಯಿ ತೆರೆದಳು.

ಗಾಳಿ ಬಂತು. ದನಿ ಬರಲಿಲ್ಲ.

ಮುತ್ತುಸೆಲ್ವಿ ಅರ್ಧ ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಳು. ರಾಜಮ್ಮಾಳ್ ಬಾಯಿ ಮುಚ್ಚಿ, ನಾಲಿಗೆಯನ್ನು ಒಳಗೇ ಒಂದು ಸುತ್ತು ಆಡಿಸಿದಳು. ಈ ಪಕ್ಕದ ಹಲ್ಲು ಸಿಕ್ಕಿತು, ಆ ಪಕ್ಕದ ಹಲ್ಲೂ ಸಿಕ್ಕಿತು. ಇನ್ನೊಂದು ಗುಟುಕು ನೀರು ಕುಡಿದು, ಮತ್ತೆ ಬಾಯಿ ತೆರೆದಳು.

ಬಂತು. ತೆಳ್ಳಗೆ ಬಂತು, ಕಾಲುವೆ ದಾಟುವಷ್ಟು ಇರಲಿಲ್ಲ. ಮುಂಚೆ ಇಡೀ ಗದ್ದೆ ಸುತ್ತಿ ಬರುತ್ತಿದ್ದದ್ದು ಅರ್ಧದಲ್ಲೇ ಒಣಗಿತು. ಆದರೆ ನಾಲಿಗೆ ಆಡಿದ್ದು ಎಲ್ಲರ ಕಿವಿಗೂ ತಿಳಿಯಿತು. ಅದು ಒಣಗುವ ಮುಂಚೆ ಹೆಂಗಸರು ಎತ್ತಿಕೊಂಡರು, ಮುತ್ತುಸೆಲ್ವಿಯ ತಿರುವೂ ಅದರಲ್ಲಿ ಸೇರಿತು.

ದನಿ ಇಳಿದ ಮೇಲೆ ಮುತ್ತುಸೆಲ್ವಿ ಹತ್ತಿರ ಬಂದಳು. ಆ ಹುಡುಗಿಗೆ ಸುಳ್ಳು ಹೇಳಿ ರೂಢಿಯಿಲ್ಲ.

"ಅಕ್ಕಾ, ಮೊದ್ಲಿನಷ್ಟು ಇಲ್ಲ."

"ಇಲ್ಲ," ಎಂದಳು ರಾಜಮ್ಮಾಳ್. "ನಿಂದಕ್ಕಿಂತ ಐತಾ?"

ಮುತ್ತುಸೆಲ್ವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಐತೆ."

"ಸಾಕು. ಇಳಿ," ಎಂದು ಹೇಳಿ ರಾಜಮ್ಮಾಳ್ ಒಂದು ಕಟ್ಟು ಪೈರು ಎತ್ತಿಕೊಂಡಳು.